ಸರ, ನಮಗೊಂದ್ ಕೂಸು ಆಗಬಹುದೇನ್ರಿ?

ಡಿಸೆಂಬರ್ 1. ವಿಶ್ವ ಏಡ್ಸ್ ದಿನ. ನಮ್ಮ ನ್ಯೂಸ್ ಚಾನೆಲ್‌ಗಳ ಪಾಲಿಗೆ ಆ ದಿನ ಅಂದ್ರೆ ಏನು ಗೊತ್ತಾ? ಒಂದು ಕೆಂಪು ರಿಬ್ಬನ್ ಗ್ರಾಫಿಕ್ಸ್, ಒಂದು ಜಾಥಾ, ಶಾಲಾ ಮಕ್ಕಳ ಕೈಯಲ್ಲಿ ಬ್ಯಾನರ್, ಬಾವುಟ ಹಾರಿಸುವ ಮಂತ್ರಿ. ನಲವತ್ತು ಸೆಕೆಂಡಿನ ಸುದ್ದಿ. ಮುಗೀತು. ಮುಂದಿನ ಡಿಸೆಂಬರ್ ತನಕ ಆ ಪದ ನಮ್ಮ ಸ್ಟುಡಿಯೋದಲ್ಲಿ ಕೇಳಿಸೋದೇ ಇಲ್ಲ.

ಅವತ್ತೂ ಹಾಗೇ ಆಯ್ತು. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ, ಮೈಕ್ ಬಿಚ್ಚಿಟ್ಟು, ಮುಖದ ಮೇಕಪ್ ಒರೆಸ್ಕೊಳ್ತಾ ಇದ್ದೆ. ಡೆಸ್ಕಿನ ಹುಡುಗ ಬಂದು, 'ಸರ್, ಬಾಗಲಕೋಟೆ ಕಡೆಯವರು ಯಾರೋ. ನಿಮ್ಮ ಹತ್ರಾನೇ ಮಾತಾಡಬೇಕಂತೆ. ಮೂರನೇ ಸಲ ಫೋನ್ ಮಾಡ್ತಿದ್ದಾರೆ' ಅಂದ. ಊರಿನ ರಸ್ತೆ, ನೀರು, ಪಿಂಚಣಿ ಇಂಥದ್ದೇ ಏನೋ ಇರಬೇಕು ಅಂದ್ಕೊಂಡು ರಿಸೀವರ್ ತಗೊಂಡೆ.

'ಸರ, ನಾವು ಗಂಡ ಹೆಂಡ್ತಿ ಇಬ್ರೂ ಗುಳಗಿ ತಗೋತೀವ್ರಿ. ಆರು ವರ್ಷ ಆತ್ರಿ.' ಯಾವ ಗುಳಗಿ ಅಂತ ಅವರು ಹೇಳಲಿಲ್ಲ. ಅವತ್ತಿನ ದಿನ ಅದನ್ನ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು, 'ಸರ, ನಮಗೊಂದ್ ಕೂಸು ಆಗಬಹುದೇನ್ರಿ? ಆ ಕೂಸಿಗೂ ಇದು ಬರತೈತೇನ್ರಿ?'

'ನಿಮ್ಮ ಡಾಕ್ಟರನ್ನ ಕೇಳಲಿಲ್ವಾ?' ಅಂದೆ. 'ಅಲ್ಲಿ ಹೆಂಗ್ ಕೇಳೂದ್ರಿ? ಇಂಥಾದ್ರಾಗ ನಿಮಗ ಮಕ್ಕಳು ಬ್ಯಾರೆ ಬೇಕೇನು ಅಂದ್ರ?' ಅಂದ್ರು.

ನಾನೇನು ಮಾಡಿದೆ? 'ಇಲ್ಲ ಇಲ್ಲ, ಡಾಕ್ಟರನ್ನೇ ಕೇಳಿ' ಅಂತ ಹೇಳಿ ಫೋನ್ ಇಟ್ಟೆ. ಯಾಕೆ ಅಂದ್ರೆ ನನಗೆ ಉತ್ತರ ಗೊತ್ತಿರಲಿಲ್ಲ. ದಿನಾ ರಾತ್ರಿ ದೇಶಕ್ಕೆಲ್ಲ ಬುದ್ಧಿ ಹೇಳೋ ಮನುಷ್ಯ ನಾನು. ಒಬ್ಬ ಗಂಡಸು ಆರು ವರ್ಷ ಎದೆಯಲ್ಲಿ ಇಟ್ಕೊಂಡಿದ್ದ ಪ್ರಶ್ನೆಗೆ ನನ್ನ ಹತ್ರ ಒಂದು ವಾಕ್ಯ ಇರಲಿಲ್ಲ. ಮಾರನೇ ದಿನದಿಂದ ಓದೋಕೆ ಶುರು ಮಾಡಿದೆ, ಒಂದು ಎಆರ್‌ಟಿ ಕೇಂದ್ರದ ವೈದ್ಯರ ಹತ್ರ, ಕೌನ್ಸೆಲರ್ ಹತ್ರ ಕೂತು ಕೇಳಿದೆ. ಇವತ್ತು ಹೇಳ್ತಿರೋದು ಅವರಿಗೆ ಅವತ್ತೇ ಕೊಡಬೇಕಿದ್ದ ಉತ್ತರ.

ಮೊದಲು ಉತ್ತರ, ಆಮೇಲೆ ವಿವರಣೆ. ಆಗಬಹುದು. ಎಚ್‌ಐವಿ ಇರುವ ಗಂಡ ಹೆಂಡತಿಗೆ ಎಚ್‌ಐವಿ ಇಲ್ಲದ ಮಗು ಹುಟ್ಟಬಹುದು. ಪವಾಡದಿಂದ ಅಲ್ಲ, ಸರ್ಕಾರ ಪುಕ್ಕಟೆ ಕೊಡೋ ಮಾತ್ರೆಯಿಂದ. ಆದ್ರೆ ಅದಕ್ಕೊಂದು ಕ್ರಮ ಇದೆ. ಮೊದಲು ವೈರಸ್ ಅಡಗಬೇಕು, ಆಮೇಲೆ ಗರ್ಭ. ಈ ಕ್ರಮ ತಪ್ಪಿದ್ರೂ ದಾರಿ ಮುಚ್ಚೋದಿಲ್ಲ, ಆದ್ರೆ ಅಪಾಯ ಹೆಚ್ಚಾಗುತ್ತೆ.

ನಮ್ಮ ಜನರ ತಲೆಯಲ್ಲಿ ಒಂದು ಚಿತ್ರ ಇದೆ. ಅಪ್ಪನಿಗೋ ಅಮ್ಮನಿಗೋ ಇದ್ರೆ ಮಗುವಿಗೆ ಬಂದೇ ಬರುತ್ತೆ, ಮೂಗು ಕಣ್ಣು ಬಂದ ಹಾಗೆ, ಅಂತ. ತಪ್ಪು. ಇದು ವಂಶದಲ್ಲಿ ಹರಿಯೋ ಕಾಯಿಲೆ ಅಲ್ಲ. ಮಗುವಿಗೆ ವೈರಸ್ ಹೋಗೋದು ತಾಯಿಯಿಂದ ಮಾತ್ರ. ತಂದೆಯಿಂದ ನೇರವಾಗಿ ಹೋಗೋದಿಲ್ಲ. ತಂದೆಗೆ ಇದ್ದು ತಾಯಿಗೆ ಇಲ್ಲದಿದ್ರೆ ಮಗುವೂ ಸುರಕ್ಷಿತ. ತಂದೆಯಿಂದ ತಾಯಿಗೆ ಅಂಟಿದ್ರೆ ಮಾತ್ರ ಮಗುವಿನ ಪ್ರಶ್ನೆ ಏಳುತ್ತೆ.

ತಾಯಿಯಿಂದ ಹೋಗೋದು ಮೂರು ಹೊತ್ತಲ್ಲಿ. ಗರ್ಭದಲ್ಲಿರುವಾಗ, ಅದೂ ಹೆಚ್ಚಾಗಿ ಕೊನೆಯ ವಾರಗಳಲ್ಲಿ. ಹೆರಿಗೆಯಾಗುವಾಗ, ತಾಯಿಯ ರಕ್ತ ಮತ್ತು ಸ್ರಾವ ಮಗುವಿಗೆ ತಾಗೋ ಹೊತ್ತಲ್ಲಿ. ಆಮೇಲೆ ಎದೆಹಾಲಿನಲ್ಲಿ. ಹೊಟ್ಟೆಯಲ್ಲಿ ತಾಯಿ ರಕ್ತ, ಮಗುವಿನ ರಕ್ತ ಎರಡೂ ಬೆರೆಯೋದಿಲ್ಲ. ನಡುವೆ ಮಾಸು ಗೋಡೆಯಂತೆ ನಿಂತಿರುತ್ತೆ. ಅದಕ್ಕೇ ಚಿಕಿತ್ಸೆ ಏನೂ ಇಲ್ಲದ ಕಾಲದಲ್ಲೂ ನೂರು ಮಕ್ಕಳಲ್ಲಿ ಸೋಂಕು ತಗಲುತ್ತಿದ್ದದ್ದು 15ರಿಂದ 45 ಮಕ್ಕಳಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಂದ್ರೆ ಏನೂ ಮಾಡದಿದ್ರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಪಾರಾಗ್ತಿದ್ರು. ಈಗ? ತಾಯಿ ಸರಿಯಾಗಿ ಮಾತ್ರೆ ತಗೊಂಡು, ಮಗುವಿಗೂ ಔಷಧಿ ಕೊಟ್ರೆ, ಎದೆಹಾಲು ಕುಡಿಸಿದ್ರೂ ಐದಕ್ಕಿಂತ ಕಡಿಮೆ. ಗರ್ಭ ಧರಿಸುವ ಮೊದಲೇ ವೈರಸ್ ಅಡಗಿದ್ದು ಕೊನೇ ತನಕ ಹಾಗೇ ಇದ್ರೆ, ನೂರಕ್ಕೆ ಒಂದೂ ಇಲ್ಲ.

ಇದು ರಾತ್ರೋರಾತ್ರಿ ಆದದ್ದಲ್ಲ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನಡೆದ ಅಧ್ಯಯನದ ಫಲಿತಾಂಶ ಬಂತು. ಗರ್ಭಿಣಿಯರಿಗೆ, ಆಮೇಲೆ ಅವರ ಮಕ್ಕಳಿಗೆ ಜಿಡೋವುಡಿನ್ ಅನ್ನೋ ಒಂದೇ ಒಂದು ಔಷಧಿ ಕೊಟ್ಟಾಗ ಮಕ್ಕಳಿಗೆ ಸೋಂಕು ನೂರಕ್ಕೆ 25.5ರಿಂದ 8.3ಕ್ಕೆ ಇಳಿದಿತ್ತು. ಆ ದಿನಕ್ಕೆ ಅದೇ ದೊಡ್ಡ ಮಾತು. ಆದ್ರೆ ತಿಂಗಳುಗಟ್ಟಲೆ ಕೊಡಬೇಕು, ದುಬಾರಿ. ನಮ್ಮಂಥ ದೇಶಕ್ಕೆ ಎಟುಕುವ ದಾರಿ ಸಿಕ್ಕಿದ್ದು 1999ರಲ್ಲಿ, ಉಗಾಂಡಾದಲ್ಲಿ. ಹೆರಿಗೆ ನೋವು ಶುರುವಾದಾಗ ತಾಯಿಗೆ ನೆವಿರಪಿನ್ ಒಂದು ಮಾತ್ರೆ, ಹುಟ್ಟಿದ ಮಗುವಿಗೆ ಒಂದು ಡೋಸ್ ಹನಿ. ಅಷ್ಟೇ. ಭಾರತದಲ್ಲಿ 2002ರಲ್ಲಿ ಶುರುವಾದ ಸರ್ಕಾರಿ ಕಾರ್ಯಕ್ರಮವೂ ಈ ಒಂದು ಮಾತ್ರೆ, ಒಂದು ಹನಿಯ ಮೇಲೇ ನಿಂತಿತ್ತು.

ಅದರಲ್ಲೊಂದು ನೋವಿನ ಮಾತಿದೆ. ಆ ಒಂದು ಮಾತ್ರೆ ಮಗುವಿಗಾಗಿ ಇತ್ತು, ತಾಯಿಗಾಗಿ ಅಲ್ಲ. ಮಗು ಉಳೀತು, ತಾಯಿ ಕಾಯಿಲೆಯ ಜೊತೆ ಮನೆಗೆ ಹೋದಳು. ಒಂದೇ ಡೋಸಿನಿಂದ ಅವಳ ಮೈಯಲ್ಲಿದ್ದ ವೈರಸ್ ಆ ಔಷಧಿಗೆ ಬಗ್ಗದ ಹಾಗೆ ಗಟ್ಟಿಯಾಗೋ ಅಪಾಯ ಬೇರೆ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಪುಕ್ಕಟೆ ಎಆರ್‌ಟಿ ಚಿಕಿತ್ಸೆ ಶುರು ಮಾಡ್ತು. ಆದ್ರೂ ಗರ್ಭಿಣಿಯರಿಗೆ ಪೂರ್ತಿ ಚಿಕಿತ್ಸೆ ಸಿಗೋಕೆ ಇನ್ನೂ ಹಲವು ವರ್ಷ ಬೇಕಾಯ್ತು. 2012ರಲ್ಲಿ ಮೊದಲು ಕರ್ನಾಟಕ, ಆಂಧ್ರ, ತಮಿಳುನಾಡಿನಲ್ಲಿ ಒಂದಕ್ಕಿಂತ ಹೆಚ್ಚು ಔಷಧಿ ಸೇರಿಸಿ ಕೊಡೋ ಪದ್ಧತಿ ಬಂತು. 2014ರ ಜನವರಿಯಿಂದ ದೇಶದ ನೀತಿಯೇ ಬದಲಾಯ್ತು. ಎಚ್‌ಐವಿ ಇರೋ ಪ್ರತಿ ಗರ್ಭಿಣಿಗೂ, ಅವಳ ರಕ್ತದ ಲೆಕ್ಕ ಏನೇ ಇರಲಿ, ಜೀವನಪೂರ್ತಿ ಚಿಕಿತ್ಸೆ. 2017ರಿಂದ ಗರ್ಭಿಣಿ ಅಂತಲ್ಲ, ಸೋಂಕು ಇರೋ ಎಲ್ಲರಿಗೂ. ತಾಯಿಗೆ ಕೊಟ್ಟ ಮಾತ್ರೆಯೇ ಮಗುವನ್ನೂ ಕಾಯುತ್ತೆ ಅನ್ನೋದು ಕೊನೆಗೂ ನೀತಿಯಾಗಿ ಬಂತು.

ಈಗ 'ವೈರಸ್ ಅಡಗಬೇಕು' ಅಂದೆನಲ್ಲ, ಅದು ಏನು ಅಂತ ನೋಡೋಣ. ರಕ್ತದ ಒಂದು ಮಿಲಿಲೀಟರಿನಲ್ಲಿ ಎಷ್ಟು ವೈರಸ್ ಇದೆ ಅಂತ ಎಣಿಸುವ ಪರೀಕ್ಷೆ ಇದೆ. ವೈರಲ್ ಲೋಡ್ ಅಂತಾರೆ. ಚಿಕಿತ್ಸೆ ಇಲ್ಲದವರಲ್ಲಿ ಅದು ಸಾವಿರ, ಲಕ್ಷಗಳಲ್ಲಿ ಇರುತ್ತೆ. ದಿನಾ ತಪ್ಪದೆ ಮಾತ್ರೆ ತಗೊಂಡ್ರೆ ಕೆಲವು ತಿಂಗಳಲ್ಲಿ ಯಂತ್ರಕ್ಕೇ ಕಾಣದಷ್ಟು ಇಳಿಯುತ್ತೆ. ರಿಪೋರ್ಟಿನಲ್ಲಿ 'ಟಾರ್ಗೆಟ್ ನಾಟ್ ಡಿಟೆಕ್ಟೆಡ್' ಅಂತ ಬರುತ್ತೆ. ಇದನ್ನ ನೋಡಿ ಕಾಯಿಲೆ ಹೋಯ್ತು ಅಂತ ಮಾತ್ರೆ ಬಿಡೋರಿದ್ದಾರೆ. ಬಿಡಬೇಡಿ. ಹೋಗಿಲ್ಲ, ಅಡಗಿದೆ. ಬಿಟ್ಟ ಕೆಲವೇ ವಾರಗಳಲ್ಲಿ ಮತ್ತೆ ಎದ್ದು ಕೂರುತ್ತೆ.

ಹಾಗೆ ಅಡಗಿದ ವೈರಸ್ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ದಾಟುತ್ತಾ? ಇದನ್ನ ಊಹೆಯಲ್ಲಿ ಬಿಟ್ಟಿಲ್ಲ. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಒಬ್ಬರಿಗೆ ಸೋಂಕು ಇದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳನ್ನ ನೋಡಿತ್ತು. ಅದರಲ್ಲಿ ಚೆನ್ನೈ, ಪುಣೆಯ ಜೋಡಿಗಳೂ ಇದ್ರು. ಬೇಗ ಚಿಕಿತ್ಸೆ ಶುರು ಮಾಡಿದವರಿಂದ ಸಂಗಾತಿಗೆ ದಾಟೋದು ನೂರಕ್ಕೆ 96ರಷ್ಟು ಕಡಿಮೆಯಾಗಿತ್ತು. ಆಮೇಲೆ 2016ರಲ್ಲಿ ಯುರೋಪಿನ ಇನ್ನೊಂದು ಅಧ್ಯಯನ ಬಂತು. 888 ಜೋಡಿ, ವೈರಸ್ ಅಡಗಿರೋ ಸಂಗಾತಿ, ಕಾಂಡೋಮ್ ಇಲ್ಲದೆ ಸುಮಾರು 58 ಸಾವಿರ ಸಲದ ಸಂಪರ್ಕ. ಸಂಗಾತಿಯಿಂದ ದಾಟಿದ ಸೋಂಕು ಎಷ್ಟು? ಸೊನ್ನೆ. ವೈರಸ್ ಪರೀಕ್ಷೆಗೆ ಕಾಣದಷ್ಟು ಇಳಿದಿದ್ರೆ ಲೈಂಗಿಕ ಸಂಪರ್ಕದಿಂದ ದಾಟೋದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಸ್ಪಷ್ಟವಾಗಿ ಹೇಳ್ತಿದೆ.

ಈ ಒಂದು ಮಾತು ಗೊತ್ತಾದ್ರೆ ಮಿಕ್ಕಿದ್ದು ಸುಲಭ.

ಇಬ್ಬರಿಗೂ ಇದ್ಯಾ? ಇಬ್ಬರ ವೈರಲ್ ಲೋಡೂ ನೋಡಿಸಿ. ಹೆಂಡತಿಗೆ ಮಾತ್ರ ಇದ್ಯಾ? ಅವಳ ಲೋಡ್ ಇಳಿದಿದ್ರೆ ಗಂಡನಿಗೂ ಭಯ ಇಲ್ಲ, ಮಗುವಿಗೂ ದಾರಿ ಸುಗಮ. ಗಂಡನಿಗೆ ಮಾತ್ರ ಇದ್ಯಾ? ಅವನ ಲೋಡ್ ಇಳಿಯೋ ತನಕ ಕಾಂಡೋಮ್ ಬಿಡಬಾರದು. ಕನಿಷ್ಠ ಆರು ತಿಂಗಳು ಬಿಡದೆ ಮಾತ್ರೆ ತಗೊಂಡು, ರಿಪೋರ್ಟ್ ಕೈಗೆ ಬಂದ ಮೇಲೆ ಮುಂದಿನ ಮಾತು. ಸರ್ಕಾರಿ ವ್ಯವಸ್ಥೆಯಲ್ಲಿ ಸ್ಥಿರವಾಗಿರೋರಿಗೆ ಈ ಪರೀಕ್ಷೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಹಾಗಾಗಿ ಹೋದ ವರ್ಷದ ಕಾಗದ ಹಿಡ್ಕೊಂಡು ಧೈರ್ಯ ಮಾಡಬೇಡಿ. ನಡುವೆ ಮಾತ್ರೆ ತಪ್ಪಿದ್ರೆ ಆ ಕಾಗದಕ್ಕೆ ಬೆಲೆ ಇಲ್ಲ. 'ನಮಗೆ ಮಗು ಬೇಕು' ಅಂತ ಬಾಯಿಬಿಟ್ಟು ಹೇಳಿ, ವೈದ್ಯರು ಹೊಸದಾಗಿ ನೋಡಿಸ್ತಾರೆ. ಜೊತೆಗೆ ಕ್ಷಯ, ಸಿಫಿಲಿಸ್, ಹೆಪಟೈಟಿಸ್ ಬಿ, ರಕ್ತಹೀನತೆ ಇದ್ಯಾ ಅಂತಾನೂ ನೋಡ್ತಾರೆ.

ಸೋಂಕಿಲ್ಲದ ಸಂಗಾತಿ ಮುಂಜಾಗ್ರತೆಗೆ ತಗೊಳ್ಳೋ ಮಾತ್ರೆಯೂ ಇದೆ, ಪ್ರೆಪ್ ಅಂತ ಹೆಸರು. ವೈದ್ಯರ ಸಲಹೆ ಇಲ್ಲದೆ ಬೇಡ. ಇನ್ನು ವೀರ್ಯ ತೊಳೆಯೋ ವಿಧಾನ. ವೀರ್ಯಾಣುವನ್ನ ಸುತ್ತಲಿನ ದ್ರವದಿಂದ ಬೇರ್ಪಡಿಸಿ ಗರ್ಭಕೋಶಕ್ಕೆ ಸೇರಿಸೋದು. ಇಟಲಿಯ ಮಿಲಾನ್‌ನ ಸೆಂಪ್ರಿನಿ ಅನ್ನೋ ವೈದ್ಯರು 1992ರಲ್ಲೇ ಇದನ್ನ ಪ್ರಕಟಿಸಿದ್ರು. ಒಳ್ಳೆ ಮಾತ್ರೆಗಳು ಇಲ್ಲದ ಕಾಲದಲ್ಲಿ ಎಷ್ಟೋ ದಂಪತಿಗೆ ಅದೊಂದೇ ದಾರಿಯಾಗಿತ್ತು. ಇವತ್ತು ವೈರಸ್ ಅಡಗಿರೋ ಗಂಡಸಿಗೆ ಸೋಂಕಿನ ಕಾರಣಕ್ಕೆ ಅದರ ಅಗತ್ಯ ಇಲ್ಲ. ಹಾಗಿದ್ದೂ ಯಾರಾದ್ರೂ ನಿಮ್ಮನ್ನ ನೇರ ಐವಿಎಫ್ ಬಾಗಿಲಿಗೆ ಕಳಿಸಿದ್ರೆ, ಯಾಕೆ ಅಂತ ಒಂದು ಮಾತು ಕೇಳಿ. ಇಲ್ಲೊಂದು ತಮಾಷೆ ಇದೆ ನೋಡಿ. ಎಚ್‌ಐವಿ ಚಿಕಿತ್ಸೆಗೂ ಎಆರ್‌ಟಿ ಅಂತಾರೆ, ಮಕ್ಕಳಾಗದವರ ಚಿಕಿತ್ಸೆಗೂ ಎಆರ್‌ಟಿ ಅಂತಾನೇ ಹೆಸರು. ಒಂದು ಪುಕ್ಕಟೆ, ಇನ್ನೊಂದು ಲಕ್ಷದ ಲೆಕ್ಕ. ಬೋರ್ಡ್ ಸರಿಯಾಗಿ ಓದ್ಕೊಂಡು ಒಳಗೆ ಹೋಗಿ.

ಬಸಿರಾದ ಮೇಲೆ ಏನು? ಆ ಕೌನ್ಸೆಲರ್ ನನಗೆ ಹೇಳಿದ ಒಂದು ವಿಷಯ ಇವತ್ತಿಗೂ ತಲೆಯಲ್ಲಿ ಕೊರೀತಿದೆ. ತಿಂಗಳು ನಿಂತ ತಕ್ಷಣ ಕೆಲವು ಹೆಣ್ಣುಮಕ್ಕಳು ಮಾತ್ರೆ ನಿಲ್ಲಿಸ್ತಾರಂತೆ. ಯಾಕೆ? ಬಸುರಿ ಕಂಡಕಂಡ ಮಾತ್ರೆ ನುಂಗಬಾರದು ಅಂತ ನಾವೇ ಹೇಳ್ಕೊಟ್ಟಿದ್ದೀವಲ್ಲ! ಮಗುವಿಗೆ ಕೆಟ್ಟದಾಗಬಾರದು ಅಂತ ಪ್ರೀತಿಯಿಂದ ನಿಲ್ಲಿಸ್ತಾಳೆ. ಮಗುವನ್ನ ಕಾಯ್ತಿದ್ದ ಔಷಧಿಯೇ ಅಲ್ಲಿಗೆ ನಿಂತು ಹೋಗುತ್ತೆ.

ಈ ಭಯಕ್ಕೆ ಬುಡ ಇಲ್ಲದೇ ಇಲ್ಲ. ಈಗ ಕೊಡ್ತಿರೋ ಮಾತ್ರೆಯಲ್ಲಿ ಮೂರು ಔಷಧಿ ಸೇರಿರುತ್ತೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ದಿನಕ್ಕೊಂದು ಮಾತ್ರೆ. 2018ರ ಮೇ ತಿಂಗಳಲ್ಲಿ ಆಫ್ರಿಕಾದ ಬೋಟ್ಸ್ವಾನಾದಿಂದ ಒಂದು ಎಚ್ಚರಿಕೆ ಬಂತು. ಡೊಲುಟೆಗ್ರಾವಿರ್ ತಗೊಳ್ತಾ ಇರುವಾಗಲೇ ಗರ್ಭ ಧರಿಸಿದ 426 ಹೆಂಗಸರ ಪೈಕಿ ನಾಲ್ವರ ಶಿಶುಗಳಿಗೆ ಮೆದುಳು, ಬೆನ್ನುಹುರಿಯ ದೋಷ ಕಂಡಿತ್ತು. ಇದು ಸಾಮಾನ್ಯಕ್ಕಿಂತ ಬಹಳ ಹೆಚ್ಚು. ಜಗತ್ತೆಲ್ಲ ಬೆಚ್ಚಿತು. ಹಲವು ದೇಶಗಳು ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಈ ಔಷಧಿ ಕೊಡೋಕೆ ಹಿಂಜರಿದವು. ಆದ್ರೆ ಅಧ್ಯಯನ ನಿಲ್ಲಿಸಲಿಲ್ಲ, ಇನ್ನೂ ಸಾವಿರಾರು ಹೆರಿಗೆ ಎಣಿಸಿದ್ರು. ಎಣಿಸ್ತಾ ಹೋದ ಹಾಗೆ ಆ ವ್ಯತ್ಯಾಸ ಕರಗಿ ಹೋಯ್ತು. 2019ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಗರ್ಭಿಣಿಯರೂ ಸೇರಿ ಎಲ್ಲರಿಗೂ ಇದೇ ಮೊದಲ ಆಯ್ಕೆ ಅಂತ ಹೇಳ್ತು. ಎಚ್ಚರಿಕೆ ಹಬ್ಬಿದಷ್ಟು ಬೇಗ ಸಮಾಧಾನ ಹಬ್ಬೋದಿಲ್ಲ ನೋಡಿ. ನಮ್ಮ ವೃತ್ತಿಯವರಿಗೆ ಇದು ಚೆನ್ನಾಗಿ ಗೊತ್ತು. ಬೇರೆ ಎಲ್ಲ ಗರ್ಭಿಣಿಯರ ಹಾಗೆ ಫೋಲಿಕ್ ಆಸಿಡ್ ಮಾತ್ರೆಯನ್ನೂ ತಗೊಳ್ಳಿ, ಸಾಧ್ಯವಾದ್ರೆ ಗರ್ಭ ಧರಿಸೋ ಮೊದಲಿಂದಲೇ.

ಗರ್ಭಿಣಿಗೆ 32ರಿಂದ 36ನೇ ವಾರದೊಳಗೆ ಮತ್ತೊಮ್ಮೆ ವೈರಲ್ ಲೋಡ್ ನೋಡಬೇಕು. ಹೆರಿಗೆ ಹೊತ್ತಿಗೆ ಅಪಾಯ ಎಷ್ಟು, ಮಗುವಿಗೆ ಯಾವ ಔಷಧಿ ಅನ್ನೋದು ಇದರ ಮೇಲೆ ನಿರ್ಧಾರ. ಲೋಡ್ ಕಡಿಮೆ ಇದ್ರೆ ಮಗುವಿಗೆ ಹುಟ್ಟಿದ ಕೂಡಲೇ ಶುರು ಮಾಡಿ ಆರು ವಾರ ನೆವಿರಪಿನ್ ಸಿರಪ್. ಹೆಚ್ಚಿದ್ರೆ, ಅಥವಾ ತಾಯಿಗೆ ಸೋಂಕಿದೆ ಅಂತ ತಡವಾಗಿ ಗೊತ್ತಾಗಿದ್ರೆ ಎರಡು ಔಷಧಿ, ಎದೆಹಾಲು ಕುಡಿಯೋ ಮಗುವಿಗೆ ಹನ್ನೆರಡು ವಾರ. ಹೆರಿಗೆ ವಾರ್ಡಿಗೆ ಬಂದ ಮೇಲೆ ಗೊತ್ತಾದವಳಿಗೂ ಅಲ್ಲೇ ಚಿಕಿತ್ಸೆ ಶುರು ಮಾಡಬಹುದು. ತಡವಾಯ್ತು ಅಂತ ಕೈಚೆಲ್ಲೋ ಹಂತ ಇದರಲ್ಲಿ ಇಲ್ಲ.

'ಸಿಸೇರಿಯನ್ ಮಾಡಲೇಬೇಕಾ?' ಬೇಡ. ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಎಚ್‌ಐವಿ ಇದೆ ಅನ್ನೋ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ಯಬೇಕಿಲ್ಲ. ಬೇರೆ ತೊಡಕಿದ್ರೆ ಮಾತ್ರ.

ಈಗ ಆಸ್ಪತ್ರೆಯ ಮಾತು. ನೋವು ತಿನ್ನೋ ಹೆಂಗಸನ್ನ, ರಿಪೋರ್ಟ್ ನೋಡಿದ ಕೂಡಲೇ 'ನಮ್ಮಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ' ಅಂತ ಗೇಟಿನಿಂದ ಕಳಿಸಿದ ಕಥೆಗಳನ್ನ ನೀವೂ ಕೇಳಿದ್ದೀರಿ. ಕೇಸ್ ಶೀಟಿನ ಮೇಲೆ ಕೆಂಪಕ್ಷರದಲ್ಲಿ ಬರೆದು, ಇಡೀ ವಾರ್ಡಿಗೆ ಗೊತ್ತಾಗೋ ಹಾಗೆ ಮೂಲೆಯ ಮಂಚ ಕೊಡೋದನ್ನೂ ಕೇಳಿದ್ದೀರಿ. ಇದು ಬರೀ ಅಮಾನವೀಯ ಅಲ್ಲ ಸ್ವಾಮಿ, ಕಾನೂನುಬಾಹಿರ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. ಗುಟ್ಟು ಬಿಟ್ಟುಕೊಡುವ ಹಾಗಿಲ್ಲ. ಮುಖ್ಯವಾಗಿ, ಎಚ್‌ಐವಿ ಇರೋ ಗರ್ಭಿಣಿಗೆ ಅವಳ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಗರ್ಭಪಾತವನ್ನಾಗಲಿ, ಸಂತಾನಹರಣ ಶಸ್ತ್ರಚಿಕಿತ್ಸೆಯನ್ನಾಗಲಿ ಮಾಡುವ ಹಾಗಿಲ್ಲ. 'ನಿಮಗ್ಯಾಕೆ ಮಗು?' ಅಂತ ಕೇಳೋ ಅಧಿಕಾರವನ್ನ ಕಾನೂನು ಯಾರಿಗೂ ಕೊಟ್ಟಿಲ್ಲ. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಆಸ್ಪತ್ರೆಯಲ್ಲಿ ಇಂಥ ದೂರು ಕೇಳೋಕೆ ಒಬ್ಬ ಅಧಿಕಾರಿ ಇರಬೇಕು ಅಂತಾನೂ ಅದೇ ಕಾಯ್ದೆ ಹೇಳುತ್ತೆ. ನಿಮ್ಮೂರಿನ ಆಸ್ಪತ್ರೆಯಲ್ಲಿ ಆ ಅಧಿಕಾರಿ ಯಾರು ಅಂತ ಒಮ್ಮೆ ವಿಚಾರಿಸಿ ನೋಡಿ.

ಹೆರಿಗೆ ಆಯ್ತು. ಗಂಡೋ ಹೆಣ್ಣೋ ಕೈಗೆ ಬಂತು. ಅತಿ ಕಷ್ಟದ ಘಟ್ಟ ಇನ್ನು ಮುಂದಿದೆ ಅಂತ ಕೌನ್ಸೆಲರ್ ಹೇಳಿದ್ರು. ಯಾಕೆ ಅಂದ್ರೆ ಇಲ್ಲಿಂದ ಮುಂದೆ ಡಾಕ್ಟರ್ ಇರೋದಿಲ್ಲ, ಅತ್ತೆ ಇರ್ತಾರೆ.

ಎದೆಹಾಲು ಕೊಡಬಹುದಾ? ತಾಯಿ ಮಾತ್ರೆ ತಪ್ಪಿಸದೆ ತಗೊಳ್ತಿದ್ರೆ ಕೊಡಬಹುದು. ನಮ್ಮ ದೇಶದ ಮಾರ್ಗಸೂಚಿ ಇದನ್ನೇ ಹೇಳುತ್ತೆ. ಅಪಾಯ ಪೂರಾ ಸೊನ್ನೆ ಅಂತ ನಾನು ಹೇಳೋದಿಲ್ಲ. ಆದ್ರೆ ಬಹಳ ಕಡಿಮೆ. ಇನ್ನೊಂದು ಕಡೆ ನೋಡಿ. ಶುದ್ಧ ನೀರಿಲ್ಲದ ಮನೆಯಲ್ಲಿ, ಡಬ್ಬಿ ಪುಡಿಗೆ ಇನ್ನಷ್ಟು ನೀರು ಬೆರೆಸಿ ತೆಳ್ಳಗೆ ಮಾಡೋ ಬಡತನದಲ್ಲಿ, ಬಾಟಲಿ ಹಾಲು ಕುಡಿದ ಮಗು ವಾಂತಿಭೇದಿಯಿಂದ ಸಾಯೋ ಅಪಾಯ ಸಣ್ಣದಲ್ಲ. ಮೇಲಾಗಿ ಬಾಟಲಿ ಕಂಡ ಕೂಡಲೇ ಓಣಿಯ ಹೆಂಗಸರು ಕೇಳ್ತಾರೆ, 'ಯಾಕವ್ವಾ, ಹಾಲಿಲ್ಲೇನು?' ಅಂತ. ಉತ್ತರ ಎಲ್ಲಿಂದ ತರ್ತಾಳೆ?

ಒಂದೇ ಷರತ್ತು. ಮೊದಲ ಆರು ತಿಂಗಳು ಎದೆಹಾಲು ಅಂದ್ರೆ ಎದೆಹಾಲು ಮಾತ್ರ. ಡಬ್ಬಿ ಹಾಲಾದ್ರೆ ಡಬ್ಬಿ ಹಾಲು ಮಾತ್ರ. ಎರಡನ್ನೂ ಬೆರೆಸಬಾರದು. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಗಿನ್ನೂ ತಾಯಂದಿರಿಗೆ ಪೂರ್ತಿ ಚಿಕಿತ್ಸೆ ಇರಲಿಲ್ಲ, ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ ಎದೆಹಾಲಿನ ಜೊತೆ ಬೇರೆ ಏನೇನೋ ಕುಡಿದ ಮಕ್ಕಳಿಗೆ ಸೋಂಕು ಹೆಚ್ಚು ಕಂಡುಬಂತು. ಹೊರಗಿನ ಆಹಾರ ಎಳೆಗರುಳನ್ನ ಕೆರಳಿಸಿ ವೈರಸ್‌ಗೆ ದಾರಿ ಮಾಡಿಕೊಡುತ್ತೆ ಅನ್ನೋದು ವೈದ್ಯರ ವಿವರಣೆ.

ಈಗ ನಮ್ಮ ಮನೆಗಳನ್ನ ನೆನಪು ಮಾಡ್ಕೊಳ್ಳಿ. ಹುಟ್ಟಿದ ಮಗುವಿನ ನಾಲಿಗೆಗೆ ಜೇನುತುಪ್ಪ. ಮೊದಲ ಗಿಣ್ಣು ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲೋದು. ಆಮೇಲೆ ಬಜೆ, ಜಾಯಿಕಾಯಿ, ಅಳಲೆಕಾಯಿ ತೇದು ನೆಕ್ಕಿಸೋದು. ಅತ್ತರೆ ಗ್ರೈಪ್ ವಾಟರ್. ಬೇಸಿಗೆ ಬಂದ್ರೆ ಒಂದೊಂದು ಚಮಚ ನೀರು. ಪ್ರತಿಯೊಂದರಲ್ಲೂ ಅಜ್ಜಿಯ ಅಕ್ಕರೆ ಇದೆ. ಅಜ್ಜಿಗೆ ಸೊಸೆಯ ವಿಷಯ ಗೊತ್ತಿಲ್ಲ. ಸೊಸೆ ಬೇಡ ಅಂತ ಹೇಳಿದ್ರೆ 'ಯಾಕೆ?' ಅಂತ ಪ್ರಶ್ನೆ. ಅದಕ್ಕೇ ಆ ಕೌನ್ಸೆಲರ್ ಒಂದು ಉಪಾಯ ಹೇಳ್ಕೊಡ್ತಾರಂತೆ. 'ಡಾಕ್ಟರು ಆರು ತಿಂಗಳು ನೀರೂ ಕೊಡಬೇಡಿ ಅಂದಿದ್ದಾರೆ, ಈಗ ಎಲ್ಲ ಮಕ್ಕಳಿಗೂ ಹಂಗೇ ಅಂತೆ ಅತ್ತೆ' ಅನ್ನಿ ಅಂತ. ಇದು ಸುಳ್ಳೂ ಅಲ್ಲ. ಸೋಂಕು ಇರಲಿ ಬಿಡಲಿ, ಎಲ್ಲ ಮಕ್ಕಳಿಗೂ ಇದೇ ಸಲಹೆ. ಆಶಾ ಕಾರ್ಯಕರ್ತೆಯೂ ಮನೆಮನೆಗೆ ಇದನ್ನೇ ಹೇಳ್ತಾಳೆ. ಆರು ತಿಂಗಳಾದ ಮೇಲೆ ಎಲ್ಲ ಮಕ್ಕಳ ಹಾಗೆ ರಾಗಿ ಸರಿ, ಬೇಳೆ ಕಟ್ಟು ಶುರು. ಅದರ ಜೊತೆ ಎದೆಹಾಲು ಮುಂದುವರಿಸಬಹುದು.

ಇನ್ನು ಮಗುವಿನ ಪರೀಕ್ಷೆ. ಇಲ್ಲಿ ಒಂದು ತಪ್ಪಿನಿಂದ ಮನೆಗಳೇ ಮುರಿದಿವೆ. ನಮಗೆಲ್ಲ ಮಾಡೋ ಸಾಮಾನ್ಯ ರಕ್ತಪರೀಕ್ಷೆ ವೈರಸ್ಸನ್ನ ಹುಡುಕೋದಿಲ್ಲ, ವೈರಸ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನ ಹುಡುಕುತ್ತೆ. ತಾಯಿಯ ಪ್ರತಿಕಾಯಗಳು ಹೊಟ್ಟೆಯಲ್ಲೇ ಮಗುವಿಗೆ ಬಂದಿರುತ್ತವೆ, 18 ತಿಂಗಳ ತನಕವೂ ಮಗುವಿನ ರಕ್ತದಲ್ಲಿ ಉಳಿಯಬಹುದು. ಹಾಗಾಗಿ ಮೂರು ತಿಂಗಳ ಮಗುವಿಗೆ ಯಾವುದೋ ಲ್ಯಾಬಿನಲ್ಲಿ ಮಾಮೂಲಿ ಟೆಸ್ಟ್ ಮಾಡಿಸಿ 'ಪಾಸಿಟಿವ್' ಅಂತ ಬಂದ್ರೆ, ಆ ಮಗುವಿಗೆ ಸೋಂಕಿದೆ ಅಂತ ಅರ್ಥ ಅಲ್ಲ. ತಾಯಿಗಿದೆ ಅಂತ ಮಾತ್ರ ಅರ್ಥ. ಅದು ಮೊದಲೇ ಗೊತ್ತಿದ್ದ ವಿಷಯ!

ಚಿಕ್ಕ ಮಕ್ಕಳಿಗೆ ಬೇರೆ ಪರೀಕ್ಷೆ ಇದೆ, ಪಿಸಿಆರ್. ಹಿಮ್ಮಡಿ ಚುಚ್ಚಿ, ನಾಲ್ಕಾರು ಹನಿ ರಕ್ತವನ್ನ ಕಾಗದದ ಮೇಲೆ ಒಣಗಿಸಿ ದೊಡ್ಡ ಲ್ಯಾಬಿಗೆ ಕಳಿಸ್ತಾರೆ. ಅದು ನೇರ ವೈರಸ್ಸನ್ನೇ ಹುಡುಕುತ್ತೆ. ಆರು ವಾರಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು ಪರೀಕ್ಷೆ. ಕೊನೇದು 18 ತಿಂಗಳಿಗೆ ಅಥವಾ ಎದೆಹಾಲು ಬಿಡಿಸಿ ಮೂರು ತಿಂಗಳಾದ ಮೇಲೆ, ಯಾವುದು ಆಮೇಲೆ ಬರುತ್ತೋ ಅದು. ಆ ಕೊನೆಯ ಕಾಗದ ಬರೋ ತನಕ ಮಗು ಪಾರಾಯ್ತು ಅಂತ ನಿಶ್ಚಿಂತೆಯಾಗಿ ಕೂರಬೇಡಿ. ಆರು ವಾರದ್ದು ನೆಗೆಟಿವ್ ಬಂತು ಅಂತ ಉಳಿದದ್ದಕ್ಕೆ ಬಾರದವರೇ ಎಷ್ಟೋ ಜನ. ಒಂದು ವೇಳೆ ಪಾಸಿಟಿವ್ ಬಂದ್ರೆ? ಅವತ್ತೇ ಚಿಕಿತ್ಸೆ ಶುರು. ಚಿಕಿತ್ಸೆ ಸಿಕ್ಕ ಮಕ್ಕಳು ಬೆಳೀತಾರೆ, ಓದ್ತಾರೆ. ಸಿಗದ ಮಕ್ಕಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಎರಡು ವರ್ಷ ದಾಟೋದಿಲ್ಲ.

ಇಷ್ಟೆಲ್ಲ ಇದ್ದೂ ಮಕ್ಕಳಿಗೆ ಯಾಕೆ ಇನ್ನೂ ಸೋಂಕು ಬರ್ತಿದೆ ಅಂತ ಆ ವೈದ್ಯರನ್ನ ಕೇಳಿದೆ. ಅವರು ಬೊಟ್ಟು ಮಾಡಿದ್ದು ನಾನು ಊಹಿಸದ ಕಡೆಗೆ. ಮೂರು ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸುವಾಗ ಹೆಂಡತಿಗೆ ಪರೀಕ್ಷೆ ಮಾಡ್ತಾರೆ. ನೆಗೆಟಿವ್. ಎಲ್ಲರೂ ನಿರಾಳ. ಗಂಡನನ್ನ ಯಾರೂ ಕೇಳೋದಿಲ್ಲ. ಅವನಿಗೆ ಇದ್ರೆ, ಅವನು ಹೇಳದಿದ್ರೆ ಅಥವಾ ಅವನಿಗೇ ಗೊತ್ತಿಲ್ಲದಿದ್ರೆ, ಏಳನೇ ತಿಂಗಳಲ್ಲೋ ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೋ ಅವಳಿಗೆ ಅಂಟುತ್ತೆ. ಹೊಸದಾಗಿ ಅಂಟಿದ ಮೊದಲ ವಾರಗಳಲ್ಲಿ ವೈರಸ್ ಪ್ರಮಾಣ ಆಕಾಶಕ್ಕೇರಿರುತ್ತೆ. ಅದೇ ಹೊತ್ತಲ್ಲಿ ಹೊಟ್ಟೆಯಲ್ಲಿ ಮಗು, ಇಲ್ಲವೇ ಎದೆಯಲ್ಲಿ ಹಾಲು ಕುಡಿಯೋ ಮಗು. ಅವಳ ಕಾರ್ಡಿನಲ್ಲಿ 'ನೆಗೆಟಿವ್' ಅಂತಾನೇ ಬರೆದಿರುತ್ತೆ. ಮಗು ಮತ್ತೆ ಮತ್ತೆ ಕಾಯಿಲೆ ಬಿದ್ದಾಗಲೇ ಮನೆಗೆಲ್ಲ ಗೊತ್ತಾಗೋದು. ಆಗಲೂ ಬೈಗುಳ ಯಾರಿಗೆ ಅಂತೀರಿ? ಅವಳಿಗೇ.

ಹಾಗಾಗಿ ಗಂಡಸರಿಗೆ ಒಂದು ಮಾತು. ಹೆಂಡತಿ ಬಸುರಿ ಅಂತ ಗೊತ್ತಾದಾಗ ನೀವೂ ಹೋಗಿ ತೋಳು ಚಾಚಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಪುಕ್ಕಟೆ, ಗುಟ್ಟಾಗಿ ಇಡ್ತಾರೆ, ಹೆಚ್ಚು ಹೊತ್ತೂ ಬೇಕಿಲ್ಲ. ನಿಮಗೆ ಇದೆ ಅಂತ ಮೊದಲೇ ಗೊತ್ತಿದ್ದು ಹೆಂಡತಿಗೆ ಹೇಳಿಲ್ಲ ಅಂದ್ರೆ, ಹೇಳೋದು ಹೇಗೆ ಅಂತ ಕೌನ್ಸೆಲರನ್ನ ಕೇಳಿ. ಆ ಮಾತಿಗೆ ಜೊತೆಗೆ ಕೂರೋದೂ ಅವರ ಕೆಲಸವೇ.

2015ರಲ್ಲಿ ಕ್ಯೂಬಾ, ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟೋದನ್ನ ತಡೆದ ಮೊದಲ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣಪತ್ರ ಪಡೀತು. ದೂರದ ಮಾತು ಬಿಡಿ, 2019ರಲ್ಲಿ ನಮ್ಮ ಪಕ್ಕದ ಶ್ರೀಲಂಕಾ ಪಡೀತು. ನಾವು ಇನ್ನೂ ಪಡೆದಿಲ್ಲ. ಅವು ಚಿಕ್ಕ ದೇಶಗಳು, ಸೋಂಕೂ ಕಡಿಮೆ, ಒಪ್ತೀನಿ. ಆದ್ರೆ ಅಲ್ಲಿ ಕೊಡೋ ಔಷಧಿ ನಮ್ಮಲ್ಲಿಲ್ಲದ ಔಷಧಿ ಏನಲ್ಲ. ಜಗತ್ತಿನ ಎಷ್ಟೋ ಬಡ ದೇಶಗಳಿಗೆ ಈ ಮಾತ್ರೆ ಹೋಗೋದೇ ನಮ್ಮ ಕಾರ್ಖಾನೆಗಳಿಂದ.

ಈ ಕಾರ್ಯಕ್ರಮ ಪ್ರಸಾರವಾದ ರಾತ್ರಿ ಸಾಕಷ್ಟು ಫೋನ್ ಬಂತು. ಮಂಡ್ಯದಿಂದ, ರಾಯಚೂರಿನಿಂದ, ದುಬೈನಿಂದ ಒಂದು. ಬಾಗಲಕೋಟೆಯ ಆ ದನಿ ಮಾತ್ರ ಬರಲಿಲ್ಲ. ಅವತ್ತು ನಾನು ಹೆಸರೂ ಕೇಳಿರಲಿಲ್ಲ, ನಂಬರೂ ಬರ್ಕೊಂಡಿರಲಿಲ್ಲ. ಅದಕ್ಕೇ ಇಲ್ಲಿ ಹೇಳ್ತಿದ್ದೀನಿ. ಅಣ್ಣಾ, ಮುಂದಿನ ಸಲ ಗುಳಗಿ ತರೋಕೆ ಹೋಗುವಾಗ ಅವರನ್ನೂ ಕರ್ಕೊಂಡು ಹೋಗಿ. ಇಬ್ಬರ ಹಸಿರು ಪುಸ್ತಕವನ್ನೂ ಟೇಬಲ್ ಮೇಲಿಟ್ಟು, ಕೊನೇ ವೈರಲ್ ಲೋಡ್ ಯಾವಾಗ ಮಾಡಿದ್ದು, ಎಷ್ಟು ಬಂದಿತ್ತು ಅಂತ ಕೇಳಿ. ಆಮೇಲೆ ನನ್ನನ್ನ ಕೇಳಿದ್ರಲ್ಲ, ಅದೇ ಪ್ರಶ್ನೆಯನ್ನ ಅದೇ ಮಾತಲ್ಲಿ ಕೇಳಿ. ಅಲ್ಲಿ ಯಾರಾದ್ರೂ ಮುಖ ಸಿಂಡರಿಸಿದ್ರೆ 1097ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡು ಬೀಳೋದಿಲ್ಲ, ಕನ್ನಡದಲ್ಲೇ ಮಾತಾಡಬಹುದು.